ಹದಿನಾಲ್ಕನೇ ಕಣದ ಆದೇಶ

ಉತ್ತರ ಕರಾವಳಿ ಒಣಮೀನು ಕಣ ನಿಯಂತ್ರಣ ಪ್ರಾಧಿಕಾರವು ಏಪ್ರಿಲ್ ಒಂದರಿಂದ ತನ್ನ ಸಮಸ್ತ ಪತ್ರವ್ಯವಹಾರವನ್ನು ಬೀಗ ಹಾಕಿದ ಇ-ಮೇಲ್ ಮೂಲಕವೇ ನಡೆಸತಕ್ಕದ್ದೆಂದು ಠರಾಯಿಸಿತು. ಬೀಗ ಹಾಕಿದ ಇ-ಮೇಲ್ ಎಂದರೆ ಅಕ್ಷರಗಳನ್ನೆಲ್ಲ ಕಲಸಿ ಕಳಿಸುವುದು. ಕೀಲಿಕೈ ಇದ್ದವರು ಬಿಡಿಸಿ ಓದಬಹುದು. ಇಲ್ಲದವರಿಗೆ ಅದು ಇರುವೆ ಸಾಲು. ಠರಾವಿನಲ್ಲಿ ಉದ್ದೇಶವನ್ನೂ ನಮೂದಿಸಲಾಗಿತ್ತು: ‘ಒಣಮೀನು ವ್ಯಾಪಾರಸ್ಥರ ಗೌಪ್ಯತೆಯ ಸಂರಕ್ಷಣೆ.’

ಲೋಕದಲ್ಲಿ ಗುಟ್ಟೇ ಇಲ್ಲದ ವ್ಯಾಪಾರ ಒಂದಿದ್ದರೆ ಅದು ಒಣಮೀನಿನದು. ಸರಕನ್ನು ಹಗಲಲ್ಲಿ, ಬಟಾಬಯಲಲ್ಲಿ, ಹತ್ತೂರಿನ ಕಾಗೆಗಳ ಎದುರು ಹರವಿಕೊಂಡು ಕೂರಬೇಕು. ಯಾರ ಕಣದಲ್ಲಿ ಯಾವ ಮೀನು ಬಿದ್ದಿದೆ, ಅದಕ್ಕೆ ಎಷ್ಟು ದಿನವಾಯಿತು, ಉಪ್ಪು ಸರಿಯಾಗಿ ಹಿಡಿದಿದೆಯೋ ಇಲ್ಲವೋ ಎಂಬುದನ್ನು ಗಾಳಿಯೇ ಹೆದ್ದಾರಿಯವರೆಗೆ ಒಯ್ದು ಮುಟ್ಟಿಸುತ್ತದೆ. ಸರಕು ತುಂಬಿದ ಲಾರಿ ಅಂಕೋಲೆಯಿಂದ ಘಟ್ಟ ಹತ್ತಲು ಹೊರಟರೆ ರಾಮನಗುಳಿಯ ಚಾ ಅಂಗಡಿಯವನು ಲಾರಿ ಕಾಣುವ ಮೊದಲೇ ಬಾಗಿಲು ಎಳೆದುಕೊಳ್ಳುತ್ತಾನೆ. ಇಂಥವರ ಗೌಪ್ಯತೆಯನ್ನು ಕಾಪಾಡಲು ಪ್ರಾಧಿಕಾರ ಟೊಂಕ ಕಟ್ಟಿ ನಿಂತಿತು. ಕೇಳಿದವರು ಯಾರೂ ಇರಲಿಲ್ಲ. ಕೇಳದೆ ಕೊಡುವುದು ಸರ್ಕಾರಕ್ಕೆ ಮೊದಲಿನಿಂದಲೂ ಸುಲಭ.

ಅಂಕೋಲೆಯ ಹೀರಾ ಹರಿಕಂತ್ರ ಇಪ್ಪತ್ತೆರಡು ವರ್ಷದಿಂದ ಬೇಲೆಕೇರಿ ಕಡೆಯ ಹದಿನಾಲ್ಕನೇ ಕಣ ಹಿಡಿದವಳು. ವಯಸ್ಸು ಐವತ್ತೆಂಟು. ಬಂಗಡೆಯ ಹೊಟ್ಟೆ ಒತ್ತಿ ನೋಡಿ ಅದು ಯಾವ ದೋಣಿಯದ್ದೆಂದು ಹೇಳಬಲ್ಲಳು. ಮನುಷ್ಯರ ವಿಷಯದಲ್ಲಿ ಒತ್ತಿ ನೋಡುವ ಅಗತ್ಯವೂ ಅವಳಿಗೆ ಬೀಳುತ್ತಿರಲಿಲ್ಲ. ಹದಿನಾಲ್ಕನೆಯದು ಎತ್ತರದ ಕಣ. ಕಡಲಿನ ಭರತದ ನೀರು ಅಲ್ಲಿಗೆ ಹತ್ತುವುದಿಲ್ಲ, ಬಿಸಿಲು ಬೆಳಿಗ್ಗೆ ಏಳಕ್ಕೇ ಬಂದು ಕೂರುತ್ತದೆ. ಆ ಕಣ ಹೋದರೆ ಅವಳ ಕೈಕೆಳಗಿನ ಒಂಬತ್ತು ಹೆಂಗಸರೂ ಅವಳೂ ಬೇರೆಯವರ ಕಣದಲ್ಲಿ ಕೂಲಿಗೆ ಮೀನು ಮಗುಚಬೇಕು. ಅದು ಅವಳಿಗೂ ಗೊತ್ತಿತ್ತು, ಆ ಒಂಬತ್ತು ಜನಕ್ಕೂ ಗೊತ್ತಿತ್ತು.

ನಿಯಮ ಸರಳ. ಪ್ರತಿ ವರ್ಷ ಸಪ್ಟೆಂಬರ್ ಮೂವತ್ತರೊಳಗೆ ಪ್ರಾಧಿಕಾರದ ನವೀಕರಣ ಆದೇಶವನ್ನು ಕಣದ ಬೋರ್ಡಿಗೆ ಅಂಟಿಸಬೇಕು. ಅಂಟಿಸದಿದ್ದರೆ ಕಣವು ಮುಂದಿನ ಅರ್ಜಿದಾರನಿಗೆ ಹೋಗುತ್ತದೆ. ಈ ಸಲದ ಮುಂದಿನ ಅರ್ಜಿದಾರ ಕಾರವಾರದ ಮಂಗೇಶ. ಅವನು ಈ ಕಣದಲ್ಲಿ ಕಡಲಿಗೆ ಮುಖ ಮಾಡಿದ ಧ್ಯಾನ ಹಾಗೂ ಭೋಜನ ಕೇಂದ್ರ ತೆರೆಯುವವನಿದ್ದ. ಅರ್ಜಿಯ ‘ಒಣಗಿಸುವ ವಸ್ತು’ ಎಂಬ ಕಾಲಮಿನಲ್ಲಿ ‘ಪ್ರವಾಸಿಗರು’ ಎಂದು ತುಂಬಿದ್ದ. ಕಾಲಮು ಖಾಲಿ ಬಿಟ್ಟಿಲ್ಲವಾದ್ದರಿಂದ ಅರ್ಜಿ ಮೇ ತಿಂಗಳಲ್ಲೇ ಕ್ರಮಬದ್ಧವೆಂದು ಸ್ವೀಕೃತವಾಗಿತ್ತು.

ಸಪ್ಟೆಂಬರ್ ನಾಲ್ಕರಂದು ಹೀರಾಳ ಮೊಬೈಲಿಗೆ ಪ್ರಾಧಿಕಾರದ ಇ-ಮೇಲ್ ಬಂತು. ಮೇಲೆ ‘ಕಣ ಸಂಖ್ಯೆ ೧೪ರ ಕುರಿತು’ ಎಂದಿತ್ತು. ಕೆಳಗೆ ಇರುವೆ ಸಾಲು.

ಅವಳು ಅದನ್ನು ಹಿಡಿದುಕೊಂಡು ಅಂಕೋಲೆ ಬಸ್ ಸ್ಟ್ಯಾಂಡ್ ಎದುರಿನ ರಕ್ಷಿತಾಳ ಅಂಗಡಿಗೆ ಹೋದಳು. ರಕ್ಷಿತಾ ಅವಳ ತಮ್ಮನ ಮಗಳು. ಹನ್ನೆರಡು ವರ್ಷದಿಂದ ಕಂಪ್ಯೂಟರ್ ರಿಪೇರಿ, ಝೆರಾಕ್ಸ್, ಅರ್ಜಿ ತುಂಬಿಸುವ ಕೆಲಸ ಮಾಡಿಕೊಂಡಿದ್ದಳು. ಏಪ್ರಿಲ್‌ನಲ್ಲಿ ಹೀರಾಳ ಬೀಗ, ಕೀಲಿಕೈ ಎರಡನ್ನೂ ಕಂಪ್ಯೂಟರಿನಲ್ಲಿ ಮಾಡಿಕೊಟ್ಟವಳೂ ಅವಳೇ.

‘ಅತ್ತೆ, ಇದು ನಮ್ಮ ಕೀಲಿಕೈಗೆ ತೆರೀತಿಲ್ಲ,’ ಎಂದಳು ರಕ್ಷಿತಾ, ಮೂರು ಸಲ ನೋಡಿ.

‘ಕೀಲಿಕೈ ತುಕ್ಕು ಹಿಡೀತಾ?’

‘ಕೀಲಿಕೈ ಸರಿ ಉಂಟು. ಬೀಗವೇ ಬೇರೆ. ನಿಮ್ಮ ಬೀಗ ನಾನು ಅವರಿಗೆ ಕಳಿಸಿ ಕೊಟ್ಟಿದ್ದೆ. ಅದನ್ನ ಹಾಕಿ ಕಳಿಸಿದ್ರೆ ನೀವು ಮಾತ್ರ ತೆಗೀಬಹುದಿತ್ತು. ಇವರು ಕಚೇರಿಯ ಬೀಗವನ್ನೇ ಹಾಕಿ ಕಳ್ಸಿದ್ದಾರೆ.’

‘ಅಂದ್ರೆ ಪತ್ರ ನನಗೆ, ಕೀಲಿಕೈ ಅವರ ಹತ್ರ.’

‘ಹೌದು.’

‘ಮದುವೆ ಊಟಕ್ಕೆ ಕರೆದು ಎಲೆ ಅವರ ಮನೇಲೇ ಇಟ್ಕಂಡ ಹಾಗೆ,’ ಎಂದು ಹೀರಾ ಕೊಡೆ ಎತ್ತಿಕೊಂಡಳು. ‘ಅಂಗಡಿ ಬಾಗಿಲು ಹಾಕು. ಕಾರವಾರಕ್ಕೆ ಹೋಗೂದೇ.’

ಪ್ರಾಧಿಕಾರದ ಕಚೇರಿಯಲ್ಲಿ ಏಳು ಕಂಪ್ಯೂಟರ್‌ಗಳಿದ್ದವು. ಏಳರ ಪರದೆಯನ್ನೂ ಅಡ್ಡ ಮಲಗಿಸಲಾಗಿತ್ತು. ಇದಕ್ಕೊಂದು ಆಡಳಿತಾತ್ಮಕ ಹಿನ್ನೆಲೆಯಿತ್ತು. ಕಂಪ್ಯೂಟರ್‌ಗಳಿಗೆಲ್ಲ ಮುಕ್ತ ತಂತ್ರಾಂಶ, ಅಂದರೆ ಯಾರು ಬೇಕಾದರೂ ಬಿಟ್ಟಿಯಾಗಿ ಹಾಕಿಕೊಳ್ಳಬಹುದಾದ ವ್ಯವಸ್ಥೆ, ಅಳವಡಿಸಬೇಕೆಂದು ಮೇಲಿನಿಂದ ಸೂಚನೆ ಬಂದಿತ್ತು. ಬೆಲೆಯಿಲ್ಲದ ವಸ್ತುವಿಗೆ ಟೆಂಡರ್ ಕರೆಯಲು ನಿಯಮದಲ್ಲಿ ಅವಕಾಶವಿಲ್ಲದ್ದರಿಂದ ಮೊದಲು ಅದಕ್ಕೊಂದು ಬೆಲೆ ನಿಗದಿ ಮಾಡಿ, ಆಮೇಲೆ ಆ ಬೆಲೆಗಿಂತ ಕಡಿಮೆಗೆ ಕೊಡುವವನನ್ನು ಹುಡುಕಿ, ಬಿಟ್ಟಿ ಸರಕನ್ನು ರಿಯಾಯಿತಿ ದರದಲ್ಲಿ ಖರೀದಿಸಲಾಯಿತು. ಹಾಕಿದವನು ಹಾಕುವಾಗ ಯಾವುದೋ ಒಂದು ಗುಂಡಿ ಒತ್ತಿದ್ದರಿಂದ ಪರದೆಯ ಮೇಲಿನ ಅಕ್ಷರಗಳೆಲ್ಲ ಬಲಕ್ಕೆ ಹೊರಳಿ ಮಲಗಿದವು. ಒಂದು ತಿಂಗಳು ಸಿಬ್ಬಂದಿ ಕುತ್ತಿಗೆ ಓರೆ ಮಾಡಿ ಕೆಲಸ ಮಾಡಿದರು. ಬಳಿಕ ದೋಷ ನಿವಾರಣಾ ಸಮಿತಿ ರಚನೆಯಾಗಿ, ಮೂರು ಸಭೆ ಸೇರಿ, ಅಕ್ಷರಕ್ಕೆ ಅನುಗುಣವಾಗಿ ಪರದೆಯನ್ನೇ ಮಲಗಿಸತಕ್ಕದ್ದೆಂದು ವರದಿ ಕೊಟ್ಟಿತು. ಮಲಗಿಸಲು ಏಳು ಸಾಗವಾನಿ ಮಂಚಿಕೆಗಳನ್ನು ಮಾಡಿಸಲಾಯಿತು.

‘ಇದು ಒಂದು ಸಾಲು ಟೈಪ್ ಮಾಡಿದ್ರೆ ಸರಿಯಾಗ್ತದೆ ಸರ್,’ ಎಂದಳು ರಕ್ಷಿತಾ.

ಅಧೀಕ್ಷಕ ದೇವಾನಂದ ನಾಯಕರು ಕನ್ನಡಕದ ಮೇಲಿಂದ ನೋಡಿದರು. ಸೌಮ್ಯ ಮನುಷ್ಯ. ಇಪ್ಪತ್ತೊಂಬತ್ತು ವರ್ಷದ ಸೇವೆಯಲ್ಲಿ ಒಬ್ಬರಿಗೂ ‘ಇಲ್ಲ’ ಎಂದವರಲ್ಲ, ಒಬ್ಬರ ಕೆಲಸವನ್ನೂ ಮಾಡಿಕೊಟ್ಟವರೂ ಅಲ್ಲ. ‘ಸರಿಯಾದ್ರೆ ಮಂಚಿಕೆಗಳನ್ನ ಎಂತಾ ಮಾಡೂದು?’ ಎಂದು ಕೇಳಿದರು.

ಹೀರಾ ಮೊಬೈಲನ್ನು ಮೇಜಿನ ಮೇಲಿಟ್ಟಳು.

‘ಸಾಹೇಬ್ರೆ, ನನ್ನ ಪತ್ರಕ್ಕೆ ನಿಮ್ಮ ಬೀಗ ಯಾಕೆ ಹಾಕಿದ್ರಿ?’

‘ಹೀರಾಬಾಯಿ, ಸರ್ಕಾರಿ ಪತ್ರಕ್ಕೆ ಪರರ ಬೀಗ ಹಾಕೂಕೆ ಬರೂದಿಲ್ಲ. ನಾಳೆ ಆಡಿಟಿನವರು ಬಂದು, ಕಚೇರಿಯ ಕಾಗದಕ್ಕೆ ಮೀನು ವ್ಯಾಪಾರಿಯ ಬೀಗ ಹೇಗೆ ಬಂತು ಅಂದ್ರೆ ನಾನು ಎಂತಾ ಹೇಳಲಿ? ನಿಮ್ಮ ಬೀಗ ಭದ್ರ ಉಂಟು. ದಾಸ್ತಾನು ವಹಿಯಲ್ಲಿ ಹತ್ತಿಸಿ ಕಪಾಟಿನಲ್ಲಿ ಇಟ್ಟಿದ್ದೇವೆ.’

‘ಹಾಗಾದ್ರೆ ನಿಮ್ಮ ಕೀಲಿಕೈ ಹಾಕಿ ತೆಗೆದು, ಎಂತಾ ಬರೆದಿದ್ರಿ ಅಂತ ಬಾಯಲ್ಲಿ ಹೇಳಿ.’

‘ಅಲ್ಲೇ ತೊಂದರೆ ಬಂದಿದ್ದು,’ ಎಂದರು ನಾಯಕರು.

ಬಂದದ್ದು ಹೀಗೆ. ಸರ್ಕಾರಿ ತಿಜೋರಿಗೆ ಎರಡು ಕೀಲಿ, ಇಬ್ಬರ ಕೈಯಲ್ಲಿ ಒಂದೊಂದು, ಎಂಬುದು ಹಳೆಯ ಪದ್ಧತಿ. ಕಂಪ್ಯೂಟರಿನ ಕೀಲಿಕೈಗೂ ಅದನ್ನೇ ಅನ್ವಯಿಸಲಾಗಿತ್ತು. ಕೀಲಿಕೈಯನ್ನು ಎಬ್ಬಿಸಲು ಆರು ಶಬ್ದದ ಒಂದು ಗುಪ್ತವಾಕ್ಯ. ಮೊದಲ ಮೂರು ಶಬ್ದ ಅಧೀಕ್ಷಕರಲ್ಲಿ, ಕೊನೆಯ ಮೂರು ಗುಮಾಸ್ತೆ ಅಮಿತಾ ಅವರಲ್ಲಿ. ಒಬ್ಬರು ಟೈಪ್ ಮಾಡುವಾಗ ಇನ್ನೊಬ್ಬರು ಗೋಡೆಗೆ ಮುಖ ಮಾಡಿ ನಿಲ್ಲತಕ್ಕದ್ದು. ಏಪ್ರಿಲ್, ಮೇ ತಿಂಗಳಿನಲ್ಲಿ ಇಬ್ಬರೂ ಗೋಡೆಯನ್ನು ಯಥಾಪ್ರಕಾರ ನೋಡಿದರು. ಮೇ ಮೂವತ್ತೊಂದಕ್ಕೆ ಅಮಿತಾ ನಿವೃತ್ತರಾದರು. ಚಾರ್ಜು ಪಟ್ಟಿಯಲ್ಲಿ ‘ಮೇಜು ಎರಡು, ಕುರ್ಚಿ ನಾಲ್ಕು, ಸ್ಟೇಪ್ಲರ್ ಒಂದು, ಶಬ್ದ ಮೂರು’ ಎಂದು ಬರೆದು, ಆ ಮೂರು ಶಬ್ದಗಳನ್ನು ಲಕೋಟೆಯಲ್ಲಿ ಹಾಕಿ, ಅರಗಿನ ಮುದ್ರೆ ಒತ್ತಿ ಒಪ್ಪಿಸಿದರು. ಅರಗು ಒಡೆಯಲು ಕೇಂದ್ರ ಕಚೇರಿಯ ಲಿಖಿತ ಆದೇಶ ಬೇಕು.

‘ಆದೇಶ ಬಂದಿಲ್ವಾ?’ ಎಂದಳು ರಕ್ಷಿತಾ.

‘ಜೂನ್ ಹನ್ನೆರಡಕ್ಕೇ ಬಂದಿದೆ.’

‘ಮತ್ತೆ?’

‘ಬೀಗ ಹಾಕಿದ ಇ-ಮೇಲ್‌ನಲ್ಲಿ ಬಂದಿದೆ.’

ಬೀಗ ಹಾಕಲು ಯಾರ ಶಬ್ದವೂ ಬೇಡ, ತೆಗೆಯಲು ಮಾತ್ರ ಆರು ಶಬ್ದ ಬೇಕು. ಹಾಗಾಗಿ ಜೂನ್‌ನಿಂದ ಈಚೆಗೆ ಹೊರಗೆ ಹೋದ ಪತ್ರಗಳೆಲ್ಲ ಸುಗಮವಾಗಿ ಹೋಗಿದ್ದವು. ಹೋದದ್ದನ್ನು ಯಾರೂ ಓದಿರಲಿಲ್ಲ.

‘ನೀವೇ ಬರೆದದ್ದಲ್ದಾ ಸಾಹೇಬ್ರೆ? ಹದಿನಾಲ್ಕನೇ ಕಣ ಕೊಟ್ರಾ, ಬಿಟ್ರಾ? ನೆನಪಿಲ್ವಾ?’

‘ನೆನಪಿನ ಮೇಲೆ ಕಚೇರಿ ನಡೆಸೂಕೆ ಆಗ್ತದಾ ಹೀರಾಬಾಯಿ,’ ಎಂದರು ನಾಯಕರು, ನೊಂದ ದನಿಯಲ್ಲಿ. ‘ಆ ದಿನ ನಲವತ್ತು ಪತ್ರ ಹೋಗಿದೆ. ಕೆಲವು ಕೊಟ್ಟದ್ದು, ಕೆಲವು ಬಿಟ್ಟದ್ದು. ಯಾವುದು ಯಾವುದು ಅಂತ ಪತ್ರ ನೋಡಿದ್ರೆ ಹೇಳ್ತಿದ್ದೆ.’

ಮಾರನೇ ದಿನ ಹೀರಾ ಒಂದು ಕಿಲೋ ಒಣಸಿಗಡಿ ಕಟ್ಟಿಸಿಕೊಂಡು ಅಗಸೂರಿಗೆ ಬಸ್ಸು ಹತ್ತಿದಳು. ಅಮಿತಾ ಅಂಗಳದಲ್ಲಿ ಅಬ್ಬಲಿಗೆ ಗಿಡಕ್ಕೆ ಮಣ್ಣು ಏರಿಸುತ್ತಿದ್ದರು. ಸೇವೆಯಲ್ಲಿದ್ದಾಗ ಅವರು ಎರಡು ಕಿಲೋಕ್ಕೆ ಕಡಿಮೆ ಮುಟ್ಟಿದವರಲ್ಲ. ಈಗ ಒಂದನ್ನು ನಗುತ್ತಲೇ ತೆಗೆದುಕೊಂಡರು.

‘ಅಮಿತಾಬಾಯಿ, ಆ ಮೂರು ಶಬ್ದ ನಿಮಗೆ ಮರೆತುಹೋಯ್ತಾ?’

‘ಮರೆಯೂದು ಹೇಗೆ? ದಿನಾ ದೇವರಿಗೆ ದೀಪ ಹಚ್ಚುವಾಗ ಅದೇ ಬಾಯಿಗೆ ಬರ್ತದೆ.’

‘ಹಾಗಾದ್ರೆ ನಾಯಕರಿಗೆ ಒಂದು ಮಾತು ಹೇಳಿ ಬಿಡಿ.’

‘ನೋಡು ಹೀರಾ, ನಾನೀಗ ಖಾಸಗಿ ಮನುಷ್ಯಳು. ನಾನು ಹೇಳಿದ್ರೆ ಅದು ಕಚೇರಿಯ ಗುಟ್ಟು ಹೊರಗಿನವರ ಬಾಯಲ್ಲಿ ಬಂದ ಹಾಗೆ. ಪೆನ್ಶನ್ ನಿಲ್ತದೆ. ಅಲ್ಲದೆ,’ ಎಂದು ಅಮಿತಾ ಕೈಯ ಮಣ್ಣು ಕೊಡವಿದರು, ‘ನಾನು ಹೇಳಿದ ಶಬ್ದ ಸರಿಯೋ ತಪ್ಪೋ ಅಂತ ಅವರು ತಾಳೆ ನೋಡಬೇಕಾಗ್ತದೆ. ತಾಳೆ ನೋಡೂಕೆ ಲಕೋಟೆ ಒಡೀಬೇಕು.’

ಹೀರಾ ಚಾ ಕುಡಿದು ಎದ್ದಳು. ಸಿಗಡಿ ವಾಪಸು ಕೇಳುವ ಹಾಗಿರಲಿಲ್ಲ.

ದಾರಿಯಲ್ಲಿ ಬಸ್ಸಿನ ಕಿಟಕಿಗೆ ತಲೆ ಆನಿಸಿ ಅವಳು ವ್ಯಾಪಾರದ ರೀತಿಯಲ್ಲಿ ಯೋಚಿಸಿದಳು. ಆದೇಶದಲ್ಲಿ ಏನಿದೆಯೆಂದು ತನಗೆ ಗೊತ್ತಿಲ್ಲ, ಬರೆದವರಿಗೂ ಗೊತ್ತಿಲ್ಲ. ಹಾಗಾದರೆ ನಿಯಮ ಕೇಳುವುದೇನು? ಅಂಟಿಸಬೇಕು ಎನ್ನುತ್ತದೆ. ಓದಬೇಕು ಎನ್ನುವುದಿಲ್ಲ.

ಸಪ್ಟೆಂಬರ್ ಮೂವತ್ತರಂದು ಬೆಳಿಗ್ಗೆ ಆ ಇರುವೆ ಸಾಲನ್ನು ಮೂರು ಹಾಳೆಯಲ್ಲಿ ಮುದ್ರಿಸಿ, ಲ್ಯಾಮಿನೇಶನ್ ಮಾಡಿಸಿ, ಹದಿನಾಲ್ಕನೇ ಕಣದ ಬೋರ್ಡಿಗೆ ಹೊಡೆಸಿದಳು. ಹನ್ನೊಂದಕ್ಕೆ ನಾಯಕರು ತಪಾಸಣೆಗೆ ಬಂದರು. ಕನ್ನಡಕ ಸರಿಪಡಿಸಿಕೊಂಡು ಮೊದಲ ಸಾಲಿನಿಂದ ಕೊನೆಯವರೆಗೆ ಬೆರಳಾಡಿಸಿದರು. ಕೊನೆಯಲ್ಲಿ ತಲೆದೂಗಿದರು.

‘ನಮ್ಮ ಕಚೇರಿಯದ್ದೇ,’ ಎಂದರು. ‘ಶೈಲಿ ಗೊತ್ತಾಗ್ತದೆ.’

ಅಷ್ಟರಲ್ಲಿ ಮಂಗೇಶ ಕಾರಿನಿಂದ ಇಳಿದ. ಅವನಿಗೂ ಒಂದು ಇ-ಮೇಲ್ ಬಂದಿತ್ತು, ಅದರ ಮೇಲೂ ‘ಕಣ ಸಂಖ್ಯೆ ೧೪ರ ಕುರಿತು’ ಎಂದಿತ್ತು, ಅದನ್ನೂ ಯಾರಿಗೂ ಓದಲಾಗುತ್ತಿರಲಿಲ್ಲ. ಅವನದು ಹನ್ನೊಂದು ಹಾಳೆ. ಅರ್ಜಿಯ ಜೊತೆ ಕಟ್ಟಡದ ನಕ್ಷೆ ಕಳಿಸಿದ್ದನಾದ್ದರಿಂದ ಉತ್ತರವೂ ಉದ್ದವಾಗಿ ಬಂದಿತ್ತು.

‘ಹೀರಾಕ್ಕ, ಸಿಟ್ಟು ಮಾಡ್ಕಬೇಡಿ,’ ಎಂದ ಮಂಗೇಶ. ‘ಮೂರು ಹಾಳೆಯಲ್ಲಿ ಇಲ್ಲ ಅನ್ನಬಹುದು. ಇಲ್ಲ ಅನ್ನೂಕೆ ಹನ್ನೊಂದು ಹಾಳೆ ಯಾರು ಬರೀತಾರೆ?’

‘ಹೌದು ಅನ್ನೂಕೆ ನನ್ನ ಗಂಡ ಒಂದು ಸಲ ತಲೆ ಆಡಿಸಿದ್ದ, ಅಷ್ಟೇ,’ ಎಂದಳು ಹೀರಾ. ‘ಇಲ್ಲ ಅನ್ನೂಕೆ ಅವನಿಗೆ ಇಡೀ ಸಂಜೆ ಬೇಕಾಗ್ತಿತ್ತು.’

ನಾಯಕರು ಇಬ್ಬರ ವಾದವನ್ನೂ ಬರೆದುಕೊಂಡು ಕಾರವಾರಕ್ಕೆ ಹೋದರು. ಮರುದಿನ ಸುತ್ತೋಲೆ ಹೊರಬಿತ್ತು. ಅದು ಬೋರ್ಡಿಗೆ ಹಚ್ಚುವ ಸುತ್ತೋಲೆಯಾದ್ದರಿಂದ ಬೀಗ ಹಾಕಿರಲಿಲ್ಲ.

‘ಓದಲಾಗದ ಆದೇಶವೂ ಆದೇಶವೇ ಆಗಿರುತ್ತದೆ. ಒಂದೇ ಕಣದ ಕುರಿತು ಒಂದಕ್ಕಿಂತ ಹೆಚ್ಚು ಓದಲಾಗದ ಆದೇಶಗಳಿದ್ದಲ್ಲಿ, ಪ್ರಾಧಿಕಾರವು ಯಾರ ವಿಷಯದಲ್ಲಿ ಹೆಚ್ಚು ಆಸ್ಥೆ ವಹಿಸಿದೆಯೆಂಬುದನ್ನು ಆದೇಶದ ಪ್ರಮಾಣದಿಂದ ತಿಳಿಯತಕ್ಕದ್ದು. ಸಿಬ್ಬಂದಿಯ ಕೊರತೆಯಿಂದ ಹಾಳೆ ಎಣಿಸಲಾಗದ ಕಾರಣ ತೂಕವನ್ನು ಪರಿಗಣಿಸಲಾಗುವುದು. ಅಕ್ಟೋಬರ್ ಐದರ ಸಂಜೆ ಐದರವರೆಗೆ ಪ್ರಾಧಿಕಾರದಿಂದ ಬಂದ ಎಲ್ಲ ಪತ್ರಗಳೂ ಲೆಕ್ಕಕ್ಕೆ ಸೇರುತ್ತವೆ. ತೂಕ ಏಳರಂದು ಸ್ಥಳದಲ್ಲಿ.’

‘ರಕ್ಷಿ, ಈ ಪತ್ರ ಉದ್ದ ಆಗೂದು ಹೇಗೆ?’ ಎಂದು ಕೇಳಿದಳು ಹೀರಾ.

‘ನಾವು ಎಂತಾ ಕಳಿಸಿದ್ರೂ ಕಚೇರಿಯ ಕಂಪ್ಯೂಟರ್ ಅದನ್ನ ಹಾಗೇ ಒಳಗಿಟ್ಟು, ಬೀಗ ಹಾಕಿ, ಮುಟ್ಟಿದೆ ಅಂತ ತನ್ನಷ್ಟಕ್ಕೇ ಉತ್ತರ ಕಳಿಸ್ತದೆ ಅತ್ತೆ. ಒಂದು ಫೋಟೋ ಕಳಿಸಿದ್ರೆ ನೂರು ನೂರೈವತ್ತು ಹಾಳೆ ಬರ್ತದೆ.’

‘ಆ ಉತ್ತರವೂ ಆದೇಶವೇ?’

‘ಅಲ್ಲ ಅನ್ನಬೇಕಾದ್ರೆ ಯಾರಾದ್ರೂ ಓದಬೇಕಲ್ಲ.’

ಹೀರಾ ಬಂಗಡೆಯ ಫೋಟೋ ಕಳಿಸಿದಳು. ಸಿಗಡಿಯ ಫೋಟೋ ಕಳಿಸಿದಳು. ಕಣದ ನಾಲ್ಕು ಮೂಲೆ, ಒಂಬತ್ತು ಹೆಂಗಸರು ಸಾಲಾಗಿ ನಿಂತದ್ದು, ಕೊನೆಗೆ ಕಣದ ನಾಯಿ ಮಲಗಿದ್ದು. ಪ್ರಾಧಿಕಾರ ಪ್ರತಿಯೊಂದಕ್ಕೂ ಆಸ್ಥೆಯಿಂದ, ಹಾಳೆಗಟ್ಟಲೆ, ಉತ್ತರಿಸಿತು. ಐದನೇ ತಾರೀಖು ಸಂಜೆ ಐದಕ್ಕೆ ಬಾಗಿಲು ಮುಚ್ಚಿತು.

ಏಳು ಗಂಟೆಗೆ ರಕ್ಷಿತಾ ಮುದ್ರಣ ಮುಗಿಸಿ ಕುರ್ಚಿಯಲ್ಲಿ ಕುಸಿದಳು. ಮಂಗೇಶನೂ ಇದೇ ಉಪಾಯ ಹೂಡಿ, ಬಂದ ಉತ್ತರಗಳನ್ನು ಅವಳ ಅಂಗಡಿಯಲ್ಲೇ ಮುದ್ರಿಸಿದ್ದ. ಅಂಕೋಲೆಯಲ್ಲಿ ಅಷ್ಟು ಕಾಗದ ಬೇರೆಲ್ಲೂ ಸಿಗುತ್ತಿರಲಿಲ್ಲ.

‘ಅತ್ತೆ, ನಿಮ್ಮದು ಸಾವಿರದ ಇನ್ನೂರ ಹತ್ತು. ಅವನದ್ದು ಸಾವಿರದ ಇನ್ನೂರ ನಲವತ್ತು. ಇನ್ನೆಂತೂ ಮಾಡೂಕೆ ಬರೂದಿಲ್ಲ.’

‘ಮೂವತ್ತು ಹಾಳೆ ಎಷ್ಟು ತೂಗ್ತದೆ?’

‘ನೂರೈವತ್ತು ಗ್ರಾಂ.’

‘ಅಷ್ಟೇ ಅಲ್ದಾ,’ ಎಂದಳು ಹೀರಾ. ‘ಬೈಂಡ್ ಹಾಕ್ಬೇಡ, ಬಿಡಿ ಬಿಡಿಯಾಗಿ ಕೊಡು.’

ಒಣಮೀನು ತೂಕಕ್ಕೆ ಮಾರುವವರಿಗೆ ಒಂದು ಸಂಗತಿ ಹೇಳಿಕೊಡಬೇಕಾಗಿಲ್ಲ. ಉಪ್ಪಿನ ಕೋಣೆಯಲ್ಲಿ ಎರಡು ದಿನ ಇಟ್ಟ ಸರಕು ಹವೆಯ ತೇವ ಹಿಡಿದು, ನೋಡಲು ಹಾಗೇ ಇದ್ದು, ತಕ್ಕಡಿಯಲ್ಲಿ ಮಾತ್ರ ಮೈ ತುಂಬಿಕೊಳ್ಳುತ್ತದೆ. ಘಟ್ಟದ ಮೇಲಿನ ಗಿರಾಕಿಗೆ ಹೀರಾ ಹಾಗೆ ಯಾವತ್ತೂ ಕೊಟ್ಟವಳಲ್ಲ. ಅವರು ಮರುವರ್ಷವೂ ಬರಬೇಕಾದವರು. ಪ್ರಾಧಿಕಾರದ ವಿಷಯದಲ್ಲಿ ಅವಳಿಗೆ ಆ ಸಂಕೋಚ ಕಾಣಲಿಲ್ಲ. ಅಕ್ಟೋಬರಿನ ಮೋಡ ಇನ್ನೂ ಪೂರ್ತಿ ಹರಿದಿರಲಿಲ್ಲ. ಸಾವಿರದ ಇನ್ನೂರ ಹತ್ತು ಹಾಳೆಯನ್ನು ಉಪ್ಪಿನ ಚೀಲಗಳ ನಡುವೆ, ಬಂಗಡೆ ಜೋಡಿಸುವ ಹಾಗೆ, ಒಂದರ ಮೇಲೊಂದು ಸ್ವಲ್ಪ ಸ್ವಲ್ಪ ಜಾರಿಸಿ ಹರವಿಟ್ಟಳು.

ಏಳರಂದು ಕಣದಲ್ಲಿ ತೂಕ ನಡೆಯಿತು. ಮಂಗೇಶನ ಆದೇಶ ಎಸಿ ಕಾರಿನಲ್ಲಿ, ರಟ್ಟಿನ ಡಬ್ಬಿಯಲ್ಲಿ ಬಂತು: ಆರು ಕಿಲೋ ಇನ್ನೂರು. ಹೀರಾಳದು ಹೆಂಗಸೊಬ್ಬಳ ತಲೆಯ ಮೇಲೆ ಬುಟ್ಟಿಯಲ್ಲಿ ಬಂತು: ಆರು ಕಿಲೋ ನಾನೂರ ಹತ್ತು. ತಕ್ಕಡಿ ಹೀರಾಳದೇ, ಕಾನೂನು ಮಾಪನದ ಮುದ್ರೆ ಇದ್ದ ತಕ್ಕಡಿ ಅಲ್ಲಿ ಬೇರೆ ಇರಲಿಲ್ಲ.

ಮಂಗೇಶ ಮೇಲಿನ ಹಾಳೆಯನ್ನು ಎರಡು ಬೆರಳಲ್ಲಿ ಎತ್ತಿದ. ಅದು ಚಪಾತಿಯ ಹಾಗೆ ಬಾಗಿತು. ‘ಸರ್, ಇದು ಹಸಿಯುಂಟು. ಉಪ್ಪೂ ಉಂಟು, ಬೇಕಾದ್ರೆ ನೆಕ್ಕಿ ನೋಡಿ.’

ನಾಯಕರು ಹಾಳೆಯ ಮೂಲೆಯನ್ನು ನಾಲಿಗೆಗೆ ತಾಗಿಸಿದರು.

‘ಉಪ್ಪು ಉಂಟು,’ ಎಂದು ಒಪ್ಪಿಕೊಂಡರು. ‘ಆದ್ರೆ ಆದೇಶದಲ್ಲಿ ಉಪ್ಪು ಇರಬಾರದು ಅಂತ ಎಲ್ಲೂ ಇಲ್ಲ.’

‘ಇದು ಮೋಸ ಅಲ್ವಾ ಸರ್?’

‘ಮಂಗೇಶ, ಒಣಮೀನು ಪ್ರಾಧಿಕಾರದ ಆದೇಶಕ್ಕೆ ಉಪ್ಪು ಹಿಡಿದರೆ ಅದು ಮೋಸ ಹೇಗೆ ಆಗ್ತದೆ? ನಿಮ್ಮದಕ್ಕೇ ಯಾಕೆ ಹಿಡೀಲಿಲ್ಲ ಅಂತ ನಾನು ಕೇಳಬೇಕಾಗ್ತದೆ.’

ಹದಿನಾಲ್ಕನೇ ಕಣ ಹೀರಾಳಿಗೇ ಎಂದು ಸ್ಥಳದಲ್ಲೇ ಬರೆಯಲಾಯಿತು. ಆದರೆ ಆಕ್ಷೇಪಣೆಯನ್ನು ಪೂರ್ತಿ ತಳ್ಳಿಹಾಕುವುದು ನ್ಯಾಯವಲ್ಲವಾದ್ದರಿಂದ ಮರುವಾರ ಇನ್ನೊಂದು ಸುತ್ತೋಲೆ ಬಂತು. ಉಳಿದ ಮೂವತ್ತೊಂಬತ್ತು ಕಣಗಳಲ್ಲೂ ಇಂಥದ್ದೇ ತಂಟೆಗಳಿದ್ದವು. ಸುತ್ತೋಲೆಯ ಪ್ರಕಾರ ಇನ್ನು ಮುಂದೆ ಎಲ್ಲ ಆದೇಶಗಳನ್ನು ತೂಕಕ್ಕೆ ಮುನ್ನ ಎರಡು ದಿನ ಬಿಸಿಲಿನಲ್ಲಿ ಒಣಗಿಸತಕ್ಕದ್ದು. ಒಣಗಿಸುವ ಕೆಲಸ ಅಧಿಕೃತ ಕಣದಲ್ಲೇ ನಡೆಯತಕ್ಕದ್ದು. ತೂಕದ ತಂಟೆ ಇತ್ಯರ್ಥವಾಗಿರುವ ಏಕೈಕ ಕಣ ಸಂಖ್ಯೆ ೧೪ ಆದ್ದರಿಂದ ಅದನ್ನೇ ಈ ಮೂಲಕ ಅಧಿಕೃತಗೊಳಿಸಲಾಗಿದೆ.

ಹೀರಾ ಸುತ್ತೋಲೆಯನ್ನು ರಕ್ಷಿತಾಳಿಂದ ಎರಡು ಸಲ ಓದಿಸಿಕೊಂಡಳು. ಆಮೇಲೆ ಕಣದ ಅರ್ಧಕ್ಕೆ ಬಂಗಡೆ, ಅರ್ಧಕ್ಕೆ ಆದೇಶ ಎಂದು ಹಗ್ಗ ಕಟ್ಟಿಸಿ, ಬಂಗಡೆಯ ದರವನ್ನೇ ಆದೇಶಕ್ಕೂ ಹಾಕಿದಳು. ಯಾರೂ ಚೌಕಾಸಿ ಮಾಡಲಿಲ್ಲ. ಮಂಗೇಶ ಕೂಡ ಬೇರೆ ಕಣವೊಂದರ ಮೇಲೆ ಅರ್ಜಿ ಹಾಕಿ, ಒಂಬತ್ತು ಕಿಲೋ ಆದೇಶ ತಂದು, ‘ಹೀರಾಕ್ಕ, ನನ್ನದನ್ನ ಮೇಲಿನ ಸಾಲಲ್ಲಿ ಹಾಕಿ, ಬೇಗ ಒಣಗಲಿ,’ ಎಂದು ಹೇಳಿ ಹೋದ. ದಿನಕ್ಕೆರಡು ಸಲ ಹೆಂಗಸರು ಸಾಲು ಹಿಡಿದು ಕುಳಿತು ಹಾಳೆಗಳನ್ನು ಮಗುಚುತ್ತಾರೆ. ಪ್ರಾಧಿಕಾರದ ವಾರ್ಷಿಕ ವರದಿಯಲ್ಲಿ, ಇಡೀ ವರ್ಷದಲ್ಲಿ ಒಂದೇ ಒಂದು ಮಾಹಿತಿಯೂ ಸೋರಿಕೆಯಾಗಿಲ್ಲವೆಂದು ದಾಖಲಾಗಿದೆ. ಅದು ನಿಜ.

ಕಾಗೆಗಳು ಮಾತ್ರ ಮೊದಲ ಎರಡು ದಿನ ಹಗ್ಗ ದಾಟಿ ಬಂದು, ಆದೇಶಗಳನ್ನು ಒಂದೊಂದಾಗಿ ಕುಕ್ಕಿ ನೋಡಿ, ಒಳಗೆ ಏನೂ ಇಲ್ಲವೆಂದು ಖಾತ್ರಿಯಾದ ಮೇಲೆ ಬಂಗಡೆಯ ಕಡೆಗೆ ಹೋದವು.